ಊಟ ಸಿಕ್ಕಷ್ಟು ದಿನ ಕಾಲೇಜು

ಚಿತ್ರದುರ್ಗದ ಕಾಲೇಜು ಹುಡುಗರ ಪೈಕಿ ಕರ್ನಾಟಕಕ್ಕೆಲ್ಲ ಗೊತ್ತಿರುವವನು ರಾಮಾಚಾರಿ. 1972ರ ಡಿಸೆಂಬರ್ ಕೊನೆಯಲ್ಲಿ ತೆರೆಗೆ ಬಂದ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದ ಈ ನಾಯಕ ನಕಲು ಹೊಡೆಯುವಾಗ ಸಿಕ್ಕಿಬೀಳುತ್ತಾನೆ, ಪ್ರಿನ್ಸಿಪಾಲರ ಮೇಲೆ ಸೇಡು ತೀರಿಸಿಕೊಳ್ಳುತ್ತಾನೆ, ಅಲ್ಲಿಗೆ ಅವನ ಓದು ಮುಗಿಯಿತು. ಅವನನ್ನು ಕಾದಂಬರಿಯಲ್ಲಿ ಹುಟ್ಟಿಸಿದ ತ.ರಾ. ಸುಬ್ಬರಾಯರೂ (1920–1984) ಕಾಲೇಜು ಮುಗಿಸಿದವರಲ್ಲ. ಸ್ವಾತಂತ್ರ್ಯ ಚಳವಳಿಯ ಸೆಳೆತಕ್ಕೆ ಸಿಕ್ಕಿ ಓದನ್ನು ಅರ್ಧಕ್ಕೇ ಬಿಟ್ಟರು. ಒಬ್ಬ ಸಿಟ್ಟಿಗೆ ಬಿಟ್ಟ, ಇನ್ನೊಬ್ಬರು ದೇಶಕ್ಕೆಂದು ಬಿಟ್ಟರು. ಎರಡೂ ಹೇಳಿಕೊಳ್ಳಬಹುದಾದ ಕಾರಣಗಳೇ.

ಈ ಸೀಮೆಯಲ್ಲಿ ಓದು ಬಿಟ್ಟ ಹೆಚ್ಚಿನವರಿಗೆ ಅಷ್ಟು ದೊಡ್ಡ ಕಾರಣ ಬೇಕಾಗಿರಲಿಲ್ಲ. ಮನೆಯಿಂದ ತಂದ ರಾಗಿ ಮುಗಿಯಿತು. ಅಪ್ಪ ಹಾಸಿಗೆ ಹಿಡಿದ. ಹುಡುಗನಿಗೇ ಜ್ವರ ಕಚ್ಚಿಕೊಂಡಿತು. ಅಕ್ಕನ ಮದುವೆಯ ಸಾಲ ತೀರಿರಲಿಲ್ಲ. ಅವರ ಲೆಕ್ಕ ಎಲ್ಲೂ ಸರಿಯಾಗಿ ಸಿಗುವುದಿಲ್ಲ. ವಿಶ್ವವಿದ್ಯಾನಿಲಯಗಳು ಪಾಸಾದವರ, ರ‍್ಯಾಂಕ್ ಬಂದವರ, ಚಿನ್ನದ ಪದಕ ಪಡೆದವರ ಪಟ್ಟಿ ಅಚ್ಚು ಹಾಕಿಸುತ್ತವೆ. ನಡುವೆ ಬಿಟ್ಟುಹೋದವರ ಗುರುತು ಉಳಿಯುವುದು ಟಿ.ಸಿ. ಪುಸ್ತಕದಲ್ಲಿ ಮಾತ್ರ. ಅಲ್ಲಿ ಸಂಸ್ಥೆ ಬಿಡಲು ಕಾರಣ ಎಂಬ ಕಾಲಂ ಇದ್ದರೂ ಗುಮಾಸ್ತರ ಕೈ ಸಾಮಾನ್ಯವಾಗಿ ಬರೆಯುವುದು ‘ಸ್ವಂತ ಕೋರಿಕೆ’ ಅಥವಾ ‘ಪೋಷಕರ ಕೋರಿಕೆ’. ಹೊಟ್ಟೆಯ ವಿಚಾರ ಆ ಕಾಲಮ್ಮಿಗೆ ಬರುವುದೇ ಇಲ್ಲ. ಆದ್ದರಿಂದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಓದು ಬಿಟ್ಟವರ ಚರಿತ್ರೆಯನ್ನು ಹಿಂದುಮುಂದಾಗಿ ಓದಬೇಕಾಗುತ್ತದೆ: ಬಿಡದೆ ಉಳಿದವರಿಗೆ ಊಟ ಹಾಕಿದವರು ಯಾರು ಎಂದು ನೋಡಿದರೆ, ಉಳಿಯದವರು ಯಾಕೆ ಹೋದರು ಎಂಬುದೂ ತಿಳಿಯುತ್ತದೆ.

ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದು 1916ರ ಜುಲೈನಲ್ಲಿ. ಅದಕ್ಕೆ ಮೊದಲು ಪದವಿ ಎಂದರೆ ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆ. ಮೈಸೂರು ವಿ.ವಿ. ಬಂದ ಮೇಲೂ ಕಾಲೇಜುಗಳಿದ್ದದ್ದು ಮೈಸೂರಿನಲ್ಲಿ, ಬೆಂಗಳೂರಿನಲ್ಲಿ. ದುರ್ಗದ ಹುಡುಗನಿಗೆ ರೈಲು ಸಿಕ್ಕಿದ್ದು 1921ರಲ್ಲಿ. ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಮೀಟರ್ ಗೇಜ್ ಹಳಿ ಬಿದ್ದ ಮೇಲೆ ಹೊಳಲ್ಕೆರೆ ತಾಲೂಕಿನ ಆ ಪುಟ್ಟ ಜಂಕ್ಷನ್ನಿನಲ್ಲಿ ಇಳಿದು ಬೆಂಗಳೂರಿನ ಗಾಡಿ ಹಿಡಿಯಬಹುದಿತ್ತು. ಹೊಸದುರ್ಗದವರಿಗೆ ಹೊಸದುರ್ಗ ರೋಡ್ ಎಂಬ ಸ್ಟೇಷನ್ ಇತ್ತು, ಊರಿನಿಂದ ಸಾಕಷ್ಟು ದೂರದಲ್ಲಿ. ಹಿರಿಯೂರಿಗೆ ರೈಲೇ ಇರಲಿಲ್ಲ.

ಹೀಗೆ ಹೋಗಿ ಪದವಿ ಗಿಟ್ಟಿಸಿದವರು ಇಲ್ಲದಿಲ್ಲ. ಮುಂದೆ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪ 1924ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿ, ಪುಣೆಗೆ ಹೋಗಿ 1926ರಲ್ಲಿ ಕಾನೂನು ಓದಿ, ಚಿತ್ರದುರ್ಗಕ್ಕೆ ಬಂದು ವಕೀಲಿ ಹಿಡಿದರು. ಚಳ್ಳಕೆರೆ ತಾಲೂಕಿನ ತಳುಕಿನಿಂದ ಹೊರಟ ಟಿ.ಎಸ್. ವೆಂಕಣ್ಣಯ್ಯ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡದ ಮೊದಲ ಪ್ರಾಧ್ಯಾಪಕರೇ ಆದರು. ಇವರು ತ.ರಾ.ಸು. ಅವರ ದೊಡ್ಡಪ್ಪ. ಒಂದೇ ಮನೆತನದಲ್ಲಿ ದೊಡ್ಡಪ್ಪ ವಿಶ್ವವಿದ್ಯಾನಿಲಯದ ಆಸ್ತಿ, ತಮ್ಮನ ಮಗ ಕಾಲೇಜು ಬಿಟ್ಟವನು!

ಆ ಕಾಲದಲ್ಲಿ ಫೀಸು ಸಣ್ಣದೇನಲ್ಲ, ಆದರೆ ಅದು ವರ್ಷಕ್ಕೆ ಕೆಲವೇ ಸಲ ಕಟ್ಟುವಂಥದ್ದು. ಕೈಸಾಲ ಮಾಡಿಯೋ, ಒಡವೆ ಅಡವಿಟ್ಟೋ ಒಮ್ಮೆ ಹೊಂದಿಸಿದರೆ ಮುಗಿಯಿತು. ಊಟ ಹಾಗಲ್ಲ, ದಿನಕ್ಕೆ ಎರಡು ಹೊತ್ತು ಬೇಕೇ ಬೇಕು. ಪರವೂರಿನಲ್ಲಿ ಹೋಟೆಲಿಗೆ ಹೋಗುವ ಶಕ್ತಿ ಇಲ್ಲದವನಿಗೆ ಇದ್ದ ದಾರಿಗಳು ಎರಡು. ಒಂದು, ಊರಿನಿಂದ ರಾಗಿಹಿಟ್ಟು, ಬೇಳೆ, ಖಾರದಪುಡಿ ಕಟ್ಟಿಕೊಂಡು ಬಂದು ಬಾಡಿಗೆ ಕೋಣೆಯಲ್ಲಿ ಬೇಯಿಸಿಕೊಳ್ಳುವುದು. ಇನ್ನೊಂದು, ವಾರಾನ್ನ.

ವಾರಾನ್ನದ ಏರ್ಪಾಡು ಸರಳ. ವಾರದ ಏಳು ದಿನಕ್ಕೆ ಏಳು ಮನೆ ಗೊತ್ತು ಮಾಡಿಕೊಳ್ಳಬೇಕು. ಸೋಮವಾರ ಇಂಥ ವಕೀಲರ ಮನೆ, ಮಂಗಳವಾರ ಇಂಥ ಶ್ಯಾನುಭೋಗರ ಬಂಧುಗಳ ಮನೆ. ಏಳೂ ಸಿಕ್ಕಿದವನು ಪುಣ್ಯವಂತ. ಐದೇ ಸಿಕ್ಕಿದರೆ ಎರಡು ದಿನ ಉಪವಾಸ, ಇಲ್ಲವೇ ದೇವಸ್ಥಾನದ ಪ್ರಸಾದ. ಗೊತ್ತು ಮಾಡಿಕೊಂಡ ಮನೆಯಲ್ಲಿ ಸೂತಕವಾದರೆ, ಮನೆಯವರು ಊರಿಗೆ ಹೋದರೆ, ಬಸಿರು-ಬಾಣಂತನ ಬಂದರೆ ಆ ವಾರ ತಪ್ಪಿತು. ಮಾಡಿದ ಉಪಕಾರಕ್ಕೆ ಬದಲಾಗಿ ಸಣ್ಣಪುಟ್ಟ ಕೆಲಸ ಮಾಡಬೇಕು, ಮಕ್ಕಳಿಗೆ ಪಾಠ ಹೇಳಬೇಕು, ಗೃಹಿಣಿಯ ಮುಖ ನೋಡಿ ಎಲೆ ಮುಂದೆ ಕೂರಬೇಕು. ಪಾಠ ಹೇಳಿ ಅನ್ನ ಸಂಪಾದಿಸುವುದು ತುಸು ಮರ್ಯಾದೆಯ ದಾರಿ. ತಂದೆ ತೀರಿಕೊಂಡ ಮೇಲೆ ಬೆಂಗಳೂರಿನಲ್ಲಿ ಓದುತ್ತಿದ್ದ ಎಂ. ವಿಶ್ವೇಶ್ವರಯ್ಯ ಕೊಡಗಿನವರೊಬ್ಬರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಲೇ ಸೆಂಟ್ರಲ್ ಕಾಲೇಜು ದಾಟಿದರು.

ವಾರಾನ್ನದ ಅವಮಾನವನ್ನೂ ಹಸಿವನ್ನೂ ಬಿಚ್ಚಿ ಬರೆದವರು ಎಸ್.ಎಲ್. ಭೈರಪ್ಪ. ಚನ್ನರಾಯಪಟ್ಟಣ ತಾಲೂಕಿನ ಸಂತೇಶಿವರದ ಈ ಹುಡುಗ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡವರು. ನಡುವೆ ಓದು ಬಿಟ್ಟು ಮುಂಬಯಿಗೆ ಹೋಗಿ ರೈಲು ನಿಲ್ದಾಣದಲ್ಲಿ ಹಮಾಲಿ ಮಾಡಿದರು, ಸಾಧುಗಳ ಜತೆ ಅಲೆದರು, ಮತ್ತೆ ಮೈಸೂರಿಗೆ ಬಂದು ಓದು ಹಿಡಿದು ಎಂ.ಎ.ಯಲ್ಲಿ ಚಿನ್ನದ ಪದಕ ಪಡೆದರು. ಅವರ ಆತ್ಮಕಥೆ ‘ಭಿತ್ತಿ’ಯನ್ನು ಸಾಹಿತಿಯೊಬ್ಬರ ಬದುಕೆಂದು ಓದುವುದುಂಟು, ಹಳೇ ಮೈಸೂರಿನ ಬಡ ವಿದ್ಯಾರ್ಥಿಯ ದಾಖಲೆಯಾಗಿ ಓದಿದರೂ ಅದು ಗಟ್ಟಿಯಾಗಿಯೇ ನಿಲ್ಲುತ್ತದೆ. ಬಿಟ್ಟು ಮರಳಿದವರು ಬರೆದರು. ಮರಳದವರು ಎಲ್ಲಿ ಬರೆಯಬೇಕು?

ವಾರಾನ್ನಕ್ಕೆ ಒಂದು ಗೋಡೆಯೂ ಇತ್ತು. ಅದು ಬಹುಮಟ್ಟಿಗೆ ಜಾತಿಯೊಳಗಿನ ಉಪಕಾರ. ಬ್ರಾಹ್ಮಣ ಹುಡುಗನಿಗೆ ಪೇಟೆಯಲ್ಲಿ ಏಳು ಮನೆ ಸಿಕ್ಕಾವು. ಹೊಸದುರ್ಗ ಸೀಮೆಯ ಕುರುಬರ ಹುಡುಗನಿಗೆ, ಹಿರಿಯೂರಿನ ಗೊಲ್ಲರಹಟ್ಟಿಯವನಿಗೆ, ಮಾದಿಗರ ಕೇರಿಯವನಿಗೆ ಯಾವ ಮನೆಯ ಪಡಸಾಲೆ ತೆರೆದೀತು? ಅವರಲ್ಲಿ ಬಹುಮಂದಿ ಕಾಲೇಜು ಬಿಡಲಿಲ್ಲ, ಏಕೆಂದರೆ ಸೇರಲೇ ಇಲ್ಲ. ಇದನ್ನು ಮರೆತು ವಾರಾನ್ನವನ್ನು ಹಳೆಯ ಕಾಲದ ಔದಾರ್ಯವೆಂದು ಹೊಗಳುವುದು ಅರ್ಧ ಚರಿತ್ರೆ.

ಈ ಗೋಡೆಯೇ ಹಾಸ್ಟೆಲ್ಲುಗಳನ್ನು ಹುಟ್ಟಿಸಿತು. 1905ರಲ್ಲಿ ಮೈಸೂರು ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ, 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿದವು. ತಮ್ಮ ಹುಡುಗರಿಗೆ ಪೇಟೆಯಲ್ಲಿ ತಲೆಮರೆಗೊಂದು ಸೂರು, ಎರಡು ಹೊತ್ತು ಊಟ ಸಿಗಬೇಕೆಂಬುದು ಇವುಗಳ ಮೊದಲ ಕಾಳಜಿಗಳಲ್ಲೊಂದು. ಬೆಂಗಳೂರಿನಲ್ಲಿ ಆರ್. ಗೋಪಾಲಸ್ವಾಮಿ ಅಯ್ಯರ್ ದಲಿತ ಮಕ್ಕಳ ಓದಿಗೆ ಟೊಂಕಕಟ್ಟಿ ನಿಂತರು. ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ 1918ರಲ್ಲಿ ನೇಮಕವಾದ ಸಮಿತಿ ಹಿಂದುಳಿದ ಜಾತಿಗಳಿಗೆ ನೌಕರಿಯ ಪಾಲಿನ ಜತೆಗೆ ವಿದ್ಯಾರ್ಥಿವೇತನವನ್ನೂ ಕೇಳಿತು.

ಚಿತ್ರದುರ್ಗದ ಸೀಮೆಯಲ್ಲಿ ಈ ಕೆಲಸ ಮಠಗಳ ಕೈಯಲ್ಲಿ ನಡೆಯಿತು. ಮುರುಘಾಮಠದ ಜಯದೇವ ಮುರುಘರಾಜೇಂದ್ರ ಸ್ವಾಮಿಗಳು ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಊರೂರಿನಲ್ಲಿ ವಿದ್ಯಾರ್ಥಿನಿಲಯಗಳಿಗೆ ಕೈಹಾಕಿದರು. ಅವರ ಹೆಸರಿನ ಹಾಸ್ಟೆಲ್ಲುಗಳು ದಾವಣಗೆರೆಯಲ್ಲೂ ಬೆಂಗಳೂರಿನಲ್ಲೂ ನಿಂತವು. 1965ರಲ್ಲಿ ದಾವಣಗೆರೆಯಲ್ಲಿ ಶುರುವಾದ ಮೆಡಿಕಲ್ ಕಾಲೇಜಿಗೂ ಅವರದೇ ಹೆಸರು. ಜೆ.ಜೆ.ಎಂ. ಎಂದು ಕರೆಯುವವರಲ್ಲಿ ಎಷ್ಟು ಮಂದಿಗೆ ಆ ಅಕ್ಷರಗಳ ಹಿಂದೆ ದುರ್ಗದ ಸ್ವಾಮಿಯೊಬ್ಬರು ಇದ್ದಾರೆಂಬುದು ಗೊತ್ತೋ! ಸಿರಿಗೆರೆಯಲ್ಲಿ ತರಳಬಾಳು ಮಠದ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು (1914–1992) ಹಳ್ಳಿಹಳ್ಳಿಗೆ ಶಾಲೆ ಕಟ್ಟುತ್ತ ಹೋದರು, ಅದರ ಬೆನ್ನಿಗೇ ಉಚಿತ ಪ್ರಸಾದ ನಿಲಯಗಳು. ಹಿರಿಯೂರು ಕಡೆಯ ಹುಡುಗರಿಗೆ ತುಮಕೂರಿನ ಸಿದ್ಧಗಂಗೆಯೂ ದೂರವಲ್ಲ. ಈ ನಿಲಯಗಳ ಉಗ್ರಾಣ ತುಂಬುತ್ತಿದ್ದದ್ದು ಸುಗ್ಗಿಯಲ್ಲಿ ಭಕ್ತರು ಅಳೆದುಕೊಟ್ಟ ರಾಗಿ-ಜೋಳದಿಂದ. ಬರ ಬಂದರೆ ಮನೆಯ ಕಣಜದ ಜತೆ ಉಗ್ರಾಣದ ಕಣಜವೂ ಇಳಿಯುತ್ತಿತ್ತು.

ಹೊಳಲ್ಕೆರೆ ತಾಲೂಕಿನ ಮಲ್ಲಾಡಿಹಳ್ಳಿಯದು ಇನ್ನೊಂದೇ ಬಗೆ. 1943ರಲ್ಲಿ ಅಲ್ಲಿ ಅನಾಥ ಸೇವಾಶ್ರಮ ಕಟ್ಟಿದ ರಾಘವೇಂದ್ರ ಸ್ವಾಮಿಗಳ ಹಿಂದೆ ಶತಮಾನಗಳ ಪೀಠವಾಗಲಿ, ಒಂದು ಜಾತಿಯ ಬೆಂಬಲವಾಗಲಿ ಇರಲಿಲ್ಲ. ಯೋಗ ಕಲಿಸಿದರು, ಆಯುರ್ವೇದದ ಔಷಧಿ ಕೊಟ್ಟರು, ಜೋಳಿಗೆ ಹಿಡಿದು ಬೇಡಿದರು, ಬಂದದ್ದನ್ನು ಶಾಲೆ-ಕಾಲೇಜಿಗೆ ಸುರಿದರು. ‘ತಿರುಕ’ ಎಂಬ ಹೆಸರಿನಲ್ಲೇ ಬರೆದರು. 1996ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಆ ಹಳ್ಳಿಯಲ್ಲಿ ಶಿಕ್ಷಕರ ತರಬೇತಿಯಿಂದ ಆಯುರ್ವೇದ ಕಾಲೇಜಿನವರೆಗೆ ವ್ಯವಸ್ಥೆಯಿತ್ತು. ಓದು ಬಿಡಿಸುವ ಎರಡು ಕಾರಣಗಳಾದ ಬಡತನ ಮತ್ತು ಕಾಯಿಲೆಗೆ ಒಂದೇ ಆವರಣದಲ್ಲಿ ಮದ್ದು ಹುಡುಕಿದ ಜಾಗ ಈ ನಾಡಿನಲ್ಲಿ ಬೇರೆ ಹೆಚ್ಚಿಲ್ಲ.

ಕಾಯಿಲೆಯ ಮಾತು ಇಲ್ಲಿ ಬೇಕಾಗಿದೆ. ಪ್ಲೇಗು 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟ ಮೇಲೆ ದಶಕಗಳ ಕಾಲ ಮತ್ತೆ ಮತ್ತೆ ಬಂತು. 1918ರಲ್ಲಿ ಇನ್‌ಫ್ಲುಯೆಂಜಾ. ಜತೆಗೆ ಮಲೇರಿಯಾ, ಕ್ಷಯ. ಅರೆಹೊಟ್ಟೆಯ ಹುಡುಗ ಜ್ವರ ಬಿದ್ದರೆ ಕೋಣೆಯಲ್ಲಿ ಗಂಜಿ ಕೊಡುವವರಿಲ್ಲ. ಊರಿಗೆ ಹೋದರೆ ಹಾಜರಿ ತಪ್ಪುತ್ತದೆ. ಮೈಸೂರಿನಲ್ಲಿ ಓದುತ್ತಿದ್ದ ಕುವೆಂಪು ಹೀಗೇ ಕಾಯಿಲೆ ಬಿದ್ದಾಗ ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಆರೈಕೆಗೆ ನಿಂತರು, ಮುಂದೆ ಆಶ್ರಮವೇ ಅವರಿಗೆ ಮನೆಯಾಯಿತು. ಇಂಥ ಕೈ ಸಿಗದವರ ಗತಿಗೆ ಕುಂಭಕೋಣದ ಗಣಿತಜ್ಞ ರಾಮಾನುಜನ್ ಸಾಕ್ಷಿ. ಗಣಿತ ಬಿಟ್ಟು ಉಳಿದದ್ದರಲ್ಲಿ ಫೇಲಾಗಿ ವಿದ್ಯಾರ್ಥಿವೇತನ ಕಳೆದುಕೊಂಡು, ಮದರಾಸಿನ ಪಚ್ಚೈಯಪ್ಪ ಕಾಲೇಜಿಗೆ ಸೇರಿ, ಅಲ್ಲಿ ಕಾಯಿಲೆ ಬಿದ್ದು, 1907ರಲ್ಲಿ ಎಫ್.ಎ. ಪರೀಕ್ಷೆಯಲ್ಲೂ ಸೋತು ಅವರು ಪದವಿಯಿಲ್ಲದೆಯೇ ಹೊರಬಿದ್ದಿದ್ದರು.

ಬಿಡುವುದಕ್ಕೂ ಒಂದು ಕ್ರಮ ಇರಬಹುದು ಎಂಬುದನ್ನು ತೋರಿಸುವ ಉದಾಹರಣೆ ಅಂಬೇಡ್ಕರ್ ಅವರದು. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಅವಧಿ ತೀರಿದ್ದರಿಂದ 1917ರಲ್ಲಿ ಅವರು ಲಂಡನ್ನಿನ ಓದನ್ನು ನಡುವೆಯೇ ನಿಲ್ಲಿಸಬೇಕಾಯಿತು. ಆದರೆ ನಾಲ್ಕು ವರ್ಷದೊಳಗೆ ಮರಳಿ ಬಂದು ಮುಂದುವರಿಸಬಹುದೆಂಬ ಅನುಮತಿ ಕೈಯಲ್ಲಿತ್ತು. 1920ರಲ್ಲಿ ಹೋದರು, ಮುಗಿಸಿದರು. ಆ ಅನುಮತಿ ಇಲ್ಲದಿದ್ದರೆ? 1944ರಲ್ಲಿ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಭಾರತ ಸರ್ಕಾರದಿಂದ ಶುರುವಾದಾಗ ಅವರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದರು. ಕನ್ನಡ ನಾಡಿನಲ್ಲಿ ಅಂಥ ಲಿಖಿತ ಅನುಮತಿಯ ಜಾಗದಲ್ಲಿ ಇದ್ದದ್ದು ಹೆಚ್ಚಾಗಿ ಅದೃಷ್ಟ. ಕವಿ ಜಿ.ಎಸ್. ಶಿವರುದ್ರಪ್ಪ ಬಡತನದಿಂದ ಓದು ನಿಲ್ಲಿಸಿ ಗುಬ್ಬಿಯ ತಾಲೂಕು ಕಚೇರಿಯಲ್ಲಿ ಗುಮಾಸ್ತರಾದವರು. ಮತ್ತೆ ಓದಿಗೆ ಮರಳದಿದ್ದರೆ ರೆವಿನ್ಯೂ ಇಲಾಖೆಗೆ ಒಬ್ಬ ಶಿರಸ್ತೇದಾರರು ಸಿಗುತ್ತಿದ್ದರು. 1949ರಲ್ಲಿ ಅವರು ಮೇಷ್ಟರಾಗಿ ಸೇರಿದ್ದು ಆಗ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದ ದಾವಣಗೆರೆಯ ಕಾಲೇಜಿಗೆ.

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಕಾಲೇಜುಗಳು ಹತ್ತಿರ ಬಂದವು. 1951ರಲ್ಲಿ ದಾವಣಗೆರೆಗೆ ಇಂಜಿನಿಯರಿಂಗ್ ಕಾಲೇಜೂ ಬಂತು. ಎಪ್ಪತ್ತರ ದಶಕದಲ್ಲಿ ದೇವರಾಜ ಅರಸರ ಸರ್ಕಾರ, ಹಾವನೂರು ಆಯೋಗದ 1975ರ ವರದಿ, 1977ರ ಹೊತ್ತಿಗೆ ಹಿಂದುಳಿದ ವರ್ಗಗಳ ಪ್ರತ್ಯೇಕ ಇಲಾಖೆ. ತಾಲೂಕು ಕೇಂದ್ರಗಳಲ್ಲಿ ಸರ್ಕಾರಿ ಹಾಸ್ಟೆಲ್ಲುಗಳು ಎದ್ದ ಮೇಲೆ ಮಠದ ಪ್ರಸಾದವೂ ಬೇಡ, ಏಳು ಮನೆಯ ಹಂಗೂ ಬೇಡ ಎನ್ನುವ ಸ್ಥಿತಿ ಮೊದಲ ಬಾರಿಗೆ ಬಂತು. ಹೊಸ ತೊಡಕೆಂದರೆ ಸೀಟು. ಅರ್ಜಿ ಹಾಕಿದವರೆಲ್ಲರಿಗೂ ಹಾಸ್ಟೆಲ್ ಇಲ್ಲ. ಸಿಗದವರಿಗೆಂದು 2013–14ರಲ್ಲಿ ಬಂದ ವಿದ್ಯಾಸಿರಿ ಯೋಜನೆ ಮೊದಲಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ಊಟದ ಬಿಲ್ಲು ತಿಂಗಳಿಗೊಮ್ಮೆ ಬರುತ್ತದೆ, ವಿದ್ಯಾರ್ಥಿವೇತನ ಸರ್ಕಾರದ ಖಜಾನೆಗೆ ಪುರುಸೊತ್ತಾದಾಗ ಬರುತ್ತದೆ.

ಇನ್ನು ಮಳೆ. ಹಿರಿಯೂರು, ಚಳ್ಳಕೆರೆಗಳು ರಾಜ್ಯದಲ್ಲೇ ಕಡಿಮೆ ಮಳೆ ಕಾಣುವ ತಾಲೂಕುಗಳು. 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷಗಳಲ್ಲಿ ಎಷ್ಟು ಮನೆಗಳ ಓದು ಆ ಕೆರೆಯ ಮಟ್ಟದ ಜತೆಗೇ ಏರಿಳಿಯಿತೋ. ಹಿರಿಯೂರಿನ ಸಹಕಾರಿ ಸಕ್ಕರೆ ಕಾರ್ಖಾನೆ ಮುಚ್ಚಿತು, ಕಬ್ಬಿನ ದುಡ್ಡಿಲ್ಲ. ಹೊಸದುರ್ಗದಲ್ಲಿ ತೆಂಗಿನ ತೋಟಗಳು ಬರಕ್ಕೆ ಸುಳಿ ಒಣಗಿ ನಿಂತ ವರ್ಷಗಳಿವೆ. ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಎಂದು ಘೋಷಣೆಯಾದಾಗ ಈ ಕಡೆಯ ಜನ ಅದನ್ನು ಬರೀ ನೀರಾವರಿಯ ಸುದ್ದಿಯಾಗಿ ಓದಲಿಲ್ಲ.

ಬೆಳೆಯ ಕಾಲಕ್ಕೂ ಕಾಲೇಜಿನ ಕಾಲಕ್ಕೂ ಹೊಂದಾಣಿಕೆ ಇಲ್ಲ ಎಂಬುದನ್ನು ತಿಳಿಯಲು ಯುಜಿಸಿಯ 2018ರ ಅಧಿಸೂಚನೆಯೊಂದನ್ನು ನೋಡಿದರೆ ಸಾಕು. ನಡುವೆ ಬಿಡುವ ವಿದ್ಯಾರ್ಥಿಯ ಮೂಲ ಅಂಕಪಟ್ಟಿ, ಟಿ.ಸಿ.ಗಳನ್ನು ಕಾಲೇಜು ಹಿಡಿದಿಟ್ಟುಕೊಳ್ಳಬಾರದು ಎಂದು ಅದು ಹೇಳಿತು. ಒಳ್ಳೆಯ ಮಾತು, ಬಾಕಿ ವರ್ಷಗಳ ಫೀಸು ಕಟ್ಟಿ ಕಾಗದ ಒಯ್ಯಿ ಎನ್ನುವ ಪದ್ಧತಿಗೆ ಅದು ತಡೆ. ಫೀಸು ವಾಪಸಾತಿಗೂ ಲೆಕ್ಕ ಕೊಟ್ಟಿತು. ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನ ಮೊದಲೇ ಬಿಟ್ಟರೆ ಪೂರ್ತಿ, ಆ ದಿನದ ನಂತರದ ಹದಿನೈದು ದಿನದೊಳಗೆ ಬಿಟ್ಟರೆ ನೂರಕ್ಕೆ 80, ಮೂವತ್ತು ದಿನದೊಳಗೆ 50, ಮೂವತ್ತು ದಾಟಿದರೆ ಸೊನ್ನೆ. ಕಾಲೇಜು ಬದಲಿಸುವ ಪೇಟೆಯ ಹುಡುಗನಿಗೆ ಈ ಲೆಕ್ಕ ಸರಿ. ಮಳೆಗಾಲದಲ್ಲಿ ಸೇರಿ, ಈರುಳ್ಳಿ ಕಿತ್ತ ಮೇಲೆ ರೇಟು ಬಿದ್ದು ಬಿಡಬೇಕಾಗುವ ಚಿತ್ರದುರ್ಗದ ರೈತನ ಮಗಳಿಗೆ ಅದು ಸೊನ್ನೆಯೇ.

ಬಿಟ್ಟವರಿಗೆ ಮರಳುವ ಬಾಗಿಲು ತೆರೆದದ್ದು 1969ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಅಂಚೆ ಮತ್ತು ತೆರಪಿನ ಶಿಕ್ಷಣ ಶುರು ಮಾಡಿದಾಗ. ಅಂಗಡಿಯಲ್ಲಿ ಲೆಕ್ಕ ಬರೆಯುವವನು, ಪ್ರಾಥಮಿಕ ಶಾಲೆಯ ಮೇಷ್ಟರು, ಮದುವೆಯಾಗಿ ಪಿ.ಯು.ಸಿ.ಗೆ ನಿಂತಿದ್ದ ಹೆಣ್ಣುಮಕ್ಕಳು ಅಂಚೆಯಲ್ಲಿ ಪಾಠ ತರಿಸಿಕೊಂಡು ಬಿ.ಎ. ಮಾಡಿಕೊಂಡರು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಆಮೇಲೆ 2013–14ರಿಂದ ಯುಜಿಸಿ ಮಾನ್ಯತೆ ಹೋಯಿತು, ಮರಳಿದ್ದು 2018ರಲ್ಲಿ. ಒಮ್ಮೆ ಓದು ಬಿಟ್ಟು ಕಷ್ಟಪಟ್ಟು ಮರಳಿದವರನ್ನು ಎರಡನೇ ಸಲ ಅತಂತ್ರ ಮಾಡಿದ ಆ ಐದು ವರ್ಷಗಳ ಬಗ್ಗೆ ಆಗಬೇಕಾದಷ್ಟು ಗದ್ದಲ ಆಗಲಿಲ್ಲ. ಮುಕ್ತ ವಿ.ವಿ.ಗೆ ಹೋಗುವವರು ಬೀದಿಗಿಳಿಯುವಷ್ಟು ಬಿಡುವಿರುವವರಲ್ಲ.

2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವಾಗಿ, ಅದರ ಸ್ನಾತಕೋತ್ತರ ಕೇಂದ್ರ ಚಿತ್ರದುರ್ಗದ ಪಕ್ಕದ ಗುಡ್ಡದರಂಗವ್ವನಹಳ್ಳಿಯಲ್ಲಿದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಖಾಸಗಿ ಬಸ್ಸೇ ಹೆಚ್ಚಿರುವ ಹಾದಿಗಳಲ್ಲಿ ಆ ಉಚಿತ ಅಷ್ಟಕ್ಕಷ್ಟೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಉನ್ನತ ಶಿಕ್ಷಣದಲ್ಲಿ ಶೇ. 5 ಸೀಟನ್ನೂ ಐದು ವರ್ಷದ ವಯೋಮಿತಿ ಸಡಿಲಿಕೆಯನ್ನೂ ಕೊಟ್ಟಿದೆ. ಸೇರುವವರಿಗೆ ಇವೆಲ್ಲ ಇವೆ.

ನಡುವೆ ಬಿಡುವವರಿಗೆ ಕರ್ನಾಟಕದಲ್ಲಿ ಒಂದು ಏರ್ಪಾಡು ಸ್ವಲ್ಪ ಕಾಲ ಇತ್ತು. 2021–22ರಲ್ಲಿ ದೇಶದಲ್ಲೇ ಮೊದಲಾಗಿ ರಾಜ್ಯ ಜಾರಿಗೆ ತಂದ ಹೊಸ ಶಿಕ್ಷಣ ನೀತಿಯಲ್ಲಿ ಒಂದು ವರ್ಷ ಓದಿ ಬಿಟ್ಟರೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ, ಮುಂದೆ ಮರಳಿ ಸೇರುವ ಅವಕಾಶ ಎಂದಿತ್ತು. ಬಡವರ ಮಕ್ಕಳನ್ನು ಹೊರಗೆ ಕಳಿಸಲು ಕಾನೂನೇ ಬಾಗಿಲು ತೆರೆದುಕೊಟ್ಟಿತೆಂದು ಟೀಕಿಸಿದವರು ಹಲವರು. ಆ ಭಯ ಸುಳ್ಳಲ್ಲ. ಆದರೆ ಕಾನೂನು ಬಾಗಿಲು ತೆರೆಯದಿದ್ದಾಗಲೂ ಇಲ್ಲಿಯ ಮಕ್ಕಳು ಹೊರಗೆ ಹೋಗುತ್ತಲೇ ಇದ್ದರು, ಕೈಯಲ್ಲಿ ಕಾಗದವಿಲ್ಲದೆ. 2024–25ರಿಂದ ರಾಜ್ಯ ಮತ್ತೆ ಮೂರು ವರ್ಷದ ಹಳೆಯ ಪದವಿಗೆ ಮರಳಿತು. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆಯಾದ ಯುವನಿಧಿ ಯೋಜನೆ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿ ಕೊಡುತ್ತದೆ. ಐದು ಸೆಮಿಸ್ಟರ್ ಮುಗಿಸಿ, ಆರನೆಯದರಲ್ಲಿ ಬಿಟ್ಟು ಬೆಂಗಳೂರಿನ ಬಸ್ಸು ಹತ್ತಿದವರು ಆ ಅರ್ಜಿ ತುಂಬುವಂತಿಲ್ಲ.